ಅಳಿಸಿದ ಹಡಗುಗಳು

ಆ ಚಿತ್ರವನ್ನು ನೀವು ನೋಡಿಯೇ ಇರ್ತೀರಿ, ಹೆಸರು ಗೊತ್ತಿಲ್ಲದಿದ್ದರೂ. ಗಾಢ ಹಸಿರು ಕೋಟು ತೊಟ್ಟ ಒಬ್ಬಾತ ಬಂಡೆಯ ನೆತ್ತಿಯ ಮೇಲೆ ನಮಗೆ ಬೆನ್ನು ಮಾಡಿ ನಿಂತಿದ್ದಾನೆ. ಕೈಯಲ್ಲಿ ಊರುಗೋಲು, ಗಾಳಿಗೆ ಕೆದರಿದ ಕೂದಲು, ಎದುರಿಗೆ ಕಣ್ಣು ಹಾಯುವಷ್ಟು ದೂರ ಮಂಜು. ನಾನು ಅದನ್ನು ಮೊದಲು ನೋಡಿದ್ದು ಆಫೀಸಿನ ಒಂದು ಲೀಡರ್‌ಶಿಪ್ ಟ್ರೇನಿಂಗಿನಲ್ಲಿ, ಪ್ರೊಜೆಕ್ಟರಿನ ಪರದೆ ಮೇಲೆ. ಬಂಡೆಯ ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ವಿಷನ್' ಅಂತ ಬರೆದಿತ್ತು. ಮುಂದಿನ ಸ್ಲೈಡಿನಲ್ಲಿ ಆ ಕ್ವಾರ್ಟರಿನ ಟಾರ್ಗೆಟ್ಟುಗಳಿದ್ದವು.

ಮಂಜಿನಲ್ಲಿ ಏನೂ ಸರಿಯಾಗಿ ಕಾಣದೆ ನಿಂತವನ ತಲೆ ಮೇಲೆ 'ದೂರದೃಷ್ಟಿ' ಅಂತ ಚೀಟಿ ಅಂಟಿಸಿದ್ದಾರಲ್ಲ ಅಂತ ನನಗೆ ಅವತ್ತೇ ನಗು ಬಂದಿತ್ತು. ಆದರೆ ಚೀಟಿ ಅಂಟಿಸುವ ಈ ಕೆಲಸ ಶುರು ಮಾಡಿದ್ದು ನಮ್ಮ ಟ್ರೇನರ್ ಅಲ್ಲ ಅಂತ ಆಮೇಲೆ ತಿಳೀತು. ಇನ್ನೂರು ವರ್ಷದಿಂದ ಅದು ನಡೆದೇ ಇದೆ. ಅದರಲ್ಲಿ ಚಿತ್ರ ಬರೆದವನದೂ ದೊಡ್ಡ ಪಾಲಿದೆ.

ಬರೆದವನು ಕಾಸ್ಪರ್ ಡಾವಿಡ್ ಫ್ರೀಡ್ರಿಶ್. ಹೆಸರಿನ ಕೊನೆಯ ಅಕ್ಷರ ಜರ್ಮನ್ನರ ಬಾಯಲ್ಲಿ 'ಶ್'ಗೂ 'ಹ್'ಗೂ ನಡುವೆ ಎಲ್ಲೋ ಬರುತ್ತೆ, ನನ್ನ ನಾಲಿಗೆಗೆ ಅದು ಇವತ್ತಿಗೂ ಒಲಿದಿಲ್ಲ. ಹುಟ್ಟಿದ್ದು 1774ರಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯ ಗ್ರೈಫ್ಸ್‌ವಾಲ್ಡ್ ಊರಿನಲ್ಲಿ. ಆಗ ಅದು ಸ್ವೀಡನ್ನಿನ ಕೈಲಿತ್ತು. ಅಪ್ಪ ಸೋಪು, ಮೇಣದಬತ್ತಿ ಮಾಡುವವರು, ಕಟ್ಟುನಿಟ್ಟಿನ ಲೂಥರನ್ ಮನೆ. 1781ರಲ್ಲಿ ತಾಯಿ ಹೋದಳು. 1787ರಲ್ಲಿ ತಮ್ಮ ನೀರುಪಾಲಾದ. ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ ಕಾಸ್ಪರನನ್ನು ಎಳೆಯಲು ಹೋಗಿ ಆ ಹುಡುಗ ಸತ್ತ ಅಂತ ಹೇಳುವುದುಂಟು. ಕೋಪನ್‌ಹೇಗನ್ನಿನಲ್ಲಿ ಕಲಿತು 1798ರಲ್ಲಿ ಡ್ರೆಸ್ಡನ್ನಿಗೆ ಬಂದವನು 1840ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಬರೆದಿದ್ದೆಲ್ಲ ಮರ, ಬಂಡೆ, ಮಂಜು, ಸಮುದ್ರ, ಪಾಳುಬಿದ್ದ ಚರ್ಚು. ಇಟಲಿಗೆ ಹೋಗೋದು ಆ ಕಾಲದ ಕಲಾವಿದರಿಗೆ ನಮ್ಮ ಅಮೆರಿಕ ಟ್ರಿಪ್ ಇದ್ದ ಹಾಗೆ. ಈತ ಹೋಗಲೇ ಇಲ್ಲ.

1808ರ ಕ್ರಿಸ್‌ಮಸ್ಸಿಗೆ ಫ್ರೀಡ್ರಿಶ್ ಡ್ರೆಸ್ಡನ್ನಿನ ತನ್ನ ಸ್ಟುಡಿಯೊ ಬಾಗಿಲು ತೆಗೆದು ಜನರಿಗೆ ಒಂದು ಚಿತ್ರ ತೋರಿಸಿದ. 'ಬೆಟ್ಟದ ಮೇಲಿನ ಶಿಲುಬೆ' ಅಂತ ಅದರ ಹೆಸರು, 'ಟೆಶನ್ ಆಲ್ಟರ್' ಅಂತಲೂ ಕರೀತಾರೆ. ಕತ್ತಲಾದ ಬೆಟ್ಟದ ತುದಿ, ಸುತ್ತ ಫರ್ ಮರಗಳು, ನೆತ್ತಿಯ ಮೇಲೆ ಶಿಲುಬೆ. ಶಿಲುಬೆಯ ಮೇಲಿನ ಕ್ರಿಸ್ತ ನಮ್ಮ ಕಡೆ ನೋಡ್ತಿಲ್ಲ, ಬೆಟ್ಟದ ಹಿಂದೆ ಮುಳುಗುತ್ತಿರುವ ಸೂರ್ಯನ ಕಡೆ ತಿರುಗಿದ್ದಾನೆ. ಕೆಳಗಿಂದ ಬೆಳಕಿನ ಕೋಲುಗಳು ಆಕಾಶಕ್ಕೆ ಏಳ್ತಿವೆ. ಇಷ್ಟೇ ಆಗಿದ್ದರೆ ಗಲಾಟೆ ಆಗ್ತಿರಲಿಲ್ಲವೇನೋ. ಆದರೆ ಫ್ರೀಡ್ರಿಶ್ ಅದಕ್ಕೆ ಚಿನ್ನದ ಬಣ್ಣದ ಚೌಕಟ್ಟು ಮಾಡಿಸಿದ್ದ. ಎರಡೂ ಬದಿಯಿಂದ ಎದ್ದು ಮೇಲೆ ಕಮಾನಾಗುವ ತಾಳೆಗರಿ, ನಡುವೆ ಪುಟ್ಟ ದೇವದೂತರ ತಲೆಗಳು, ಒಂದು ನಕ್ಷತ್ರ. ಕೆಳಗೆ ತ್ರಿಕೋನದೊಳಗೆ ದೇವರ ಕಣ್ಣು, ಅದರ ಒಂದು ಪಕ್ಕ ಗೋಧಿ ತೆನೆ, ಇನ್ನೊಂದು ಪಕ್ಕ ದ್ರಾಕ್ಷಿ ಬಳ್ಳಿ. ರೊಟ್ಟಿ ಮತ್ತು ವೈನ್ ಅಂತ ಅರ್ಥ. ಕೋಣೆಗೆ ಮಬ್ಬು ಬೆಳಕು ಮಾಡಿ, ಕಪ್ಪು ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟಿದ್ದ. ಅಂದರೆ ಪೂಜಾವೇದಿಕೆ. ಅದರ ಮೇಲೆ ಇರಬೇಕಾದ ಸಂತ, ಮಾತೆ, ಶಿಶು ಯಾರೂ ಇಲ್ಲ, ಒಂದು ಬೆಟ್ಟ.

1809ರ ಜನವರಿಯಲ್ಲಿ ರಾಮ್‌ಡೋರ್ ಅನ್ನೋ ವಿಮರ್ಶಕ ಪತ್ರಿಕೆಯಲ್ಲಿ ಅದರ ಮೇಲೆ ಬಿದ್ದ. ಭೂದೃಶ್ಯ ಅನ್ನೋದು ಚರ್ಚಿನೊಳಗೆ ನುಸುಳಿ ವೇದಿಕೆ ಏರಿ ಕೂರುವುದು ಅಧಿಕಪ್ರಸಂಗ ಅನ್ನೋದು ಅವನ ಮಾತಿನ ತಾತ್ಪರ್ಯ. ಫ್ರೀಡ್ರಿಶ್ ಬಗ್ಗೆ ಬರೆಯುವ ಎಲ್ಲರೂ ರಾಮ್‌ಡೋರನನ್ನು ಖಳನಾಯಕನ ಪಾರ್ಟಿಗೆ ಹಾಕ್ತಾರೆ: ಹೊಸದನ್ನು ಗುರುತಿಸಲಾಗದ ಹಳೆ ತಲೆ. ನಾನೂ ಹಾಗೇ ಓದಿಕೊಂಡಿದ್ದೆ. ಈಗ ಅಷ್ಟು ಖಾತ್ರಿ ಇಲ್ಲ. ಅವನ ತಕರಾರಿನಲ್ಲಿ ಒಂದು ಅಂಶ ಗಟ್ಟಿಯಾಗಿದೆ. ಬೆಟ್ಟ ಬೆಟ್ಟವಾಗಿ ಕಾಣಬೇಕು, ಅದು ಇನ್ನೊಂದಕ್ಕೆ ಸಂಕೇತ ಆಗಬೇಕಾದರೆ ಬೆಟ್ಟತನ ಕಳಕೊಳ್ಳಬೇಕಾಗುತ್ತೆ ಅಂತಾನೆ. ಎಲ್ಲಿ ನಿಂತು ನೋಡಿದರೆ ಈ ಬೆಟ್ಟ ಹೀಗೆ ಕಾಣುತ್ತೆ, ಹತ್ತಿರದ್ದಕ್ಕೂ ದೂರದ್ದಕ್ಕೂ ನಡುವೆ ಇರಬೇಕಾದ ಗಾಳಿ ಎಲ್ಲಿ ಅಂತ ಕೇಳ್ತಾನೆ. ನ್ಯಾಯವಾದ ಪ್ರಶ್ನೆ. ಆ ಬೆಟ್ಟ ನಿಜಕ್ಕೂ ಕತ್ತರಿಸಿ ಅಂಟಿಸಿದ ಕಪ್ಪು ರಟ್ಟಿನ ಹಾಗಿದೆ.

ಫ್ರೀಡ್ರಿಶ್ ಉತ್ತರ ಕೊಟ್ಟ. ನನ್ನ ಪ್ರಕಾರ ಅವನು ಮಾಡಿದ ದೊಡ್ಡ ತಪ್ಪು ಅದು. ಬಂಡೆ ಅಂದರೆ ಅಲುಗದ ನಂಬಿಕೆ, ಸದಾ ಹಸಿರಾಗಿರುವ ಫರ್ ಮರಗಳು ಅಂದರೆ ಭರವಸೆ, ಮುಳುಗುವ ಸೂರ್ಯ ಅಂದರೆ ದೇವರು ಭೂಮಿ ಮೇಲೆ ನೇರವಾಗಿ ಓಡಾಡುತ್ತಿದ್ದ ಹಳೆಯ ಕಾಲ, ಆ ಬೆಳಕನ್ನು ಈಗ ನಮಗೆ ತಲುಪಿಸುವುದು ಲೋಹದ ಕ್ರಿಸ್ತ. ಹೀಗೆ ಒಂದಕ್ಕೊಂದು ಜೋಡಿ ಮಾಡಿ ಬರೆದುಕೊಟ್ಟ. ಕೋಡಿಗೆ ಕಾಮೆಂಟ್ ಬರೀತೀವಲ್ಲ, ಹಾಗೆ. ಕೋಡ್ ತಾನೇ ಹೇಳಬೇಕಾದ್ದನ್ನು ಹೇಳದಿದ್ದಾಗ ಅದರ ತಲೆ ಮೇಲೆ ಹತ್ತು ಸಾಲು ಕಾಮೆಂಟ್ ಕೂರುತ್ತೆ. ಫ್ರೀಡ್ರಿಶ್ ತನ್ನ ವಿವರಣೆಯಿಂದ ರಾಮ್‌ಡೋರ್ ಹೇಳಿದ್ದನ್ನೇ ಸಾಬೀತು ಮಾಡಿಬಿಟ್ಟ.

ತಮಾಷೆ ಏನು ಗೊತ್ತಾ? ಅದು ಚರ್ಚಿನ ವೇದಿಕೆ ಏರಲೇ ಇಲ್ಲ. ಮೊದಲು ಸ್ವೀಡನ್ನಿನ ದೊರೆ ನಾಲ್ಕನೇ ಗುಸ್ತಾವ್ ಅಡಾಲ್ಫನಿಗೆ ಅಂತ ಮನಸ್ಸಿನಲ್ಲಿಟ್ಟು ಮಾಡಿದ್ದು. ಆ ದೊರೆ 1809ರಲ್ಲಿ ಪಟ್ಟವನ್ನೇ ಕಳಕೊಂಡ. ಚಿತ್ರ ಹೋಗಿದ್ದು ಬೊಹೀಮಿಯಾದ ಟೆಶನ್ ಕೋಟೆಯ ಟೂನ್ ಮನೆತನದ ಕೌಂಟ್ ಹತ್ತಿರ. ಅಲ್ಲಿ ಅದು ತೂಗಿದ್ದು ಮಲಗುವ ಕೋಣೆಯಲ್ಲಿ.

ಆಮೇಲೆ ಬಂದ ಪಂಡಿತರು ಫ್ರೀಡ್ರಿಶ್ ಕೊಟ್ಟ ಈ ಕೀಲಿಕೈಯನ್ನು ಎಲ್ಲ ಬೀಗಕ್ಕೂ ಹಾಕತೊಡಗಿದರು. 1973ರಲ್ಲಿ ಬ್ಯೋರ್ಷ್-ಝೂಪನ್ ಅನ್ನೋ ವಿದ್ವಾಂಸ ಇನ್ನೊಬ್ಬರ ಜೊತೆ ಸೇರಿ ಫ್ರೀಡ್ರಿಶನ ಸಮಗ್ರ ಕೃತಿಗಳ ಪಟ್ಟಿ ತಂದರು. ಆ ಕೆಲಸಕ್ಕೆ ಕೈ ಮುಗೀಬೇಕು, ಅದಿಲ್ಲದೆ ಯಾರೂ ಒಂದು ಹೆಜ್ಜೆ ಇಡಲಾರರು. ಆದರೆ ಅರ್ಥ ಹೇಳುವ ವಿಷಯಕ್ಕೆ ಬಂದರೆ ಅದು ನಿಘಂಟು. ಓಕ್ ಮರ ಇದ್ದರೆ ಕ್ರೈಸ್ತಪೂರ್ವ ಧರ್ಮ. ಫರ್ ಮರ ಇದ್ದರೆ ಕ್ರೈಸ್ತ ಭರವಸೆ. ಚಂದ್ರ ಕ್ರಿಸ್ತ. ಹಡಗು ಬಾಳ ಪಯಣ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲುಕ್‌ಅಪ್ ಟೇಬಲ್: ಒಂದು ಕೀ ಕೊಡಿ, ಒಂದು ವ್ಯಾಲ್ಯೂ ಬರುತ್ತೆ. ಬೇಗ ಆಗುತ್ತೆ, ಸುಲಭ ಕೂಡ. ಆದರೆ ಚಂದ್ರ ಕ್ರಿಸ್ತನೇ ಆದರೆ ಚಂದ್ರನನ್ನು ಯಾಕೆ ಬರೀಬೇಕು, ಕ್ರಿಸ್ತನನ್ನೇ ಬರೆದರಾಯ್ತಲ್ಲ ಅನ್ನೋ ಪ್ರಶ್ನೆಗೆ ಟೇಬಲ್ಲಿನಲ್ಲಿ ಜಾಗ ಇಲ್ಲ.

ಇದಕ್ಕೆ ಎದುರು ಪಕ್ಷವೂ ಒಂದಿದೆ, ನನಗೆ ಮೊದಲು ಇಷ್ಟವಾಗಿದ್ದು ಅದೇ. 1975ರಲ್ಲಿ ಅಮೆರಿಕದ ರಾಬರ್ಟ್ ರೋಸೆನ್‌ಬ್ಲಮ್ ಫ್ರೀಡ್ರಿಶನಿಂದ ಮಾರ್ಕ್ ರಾತ್ಕೊವರೆಗೆ ಒಂದು ಗೆರೆ ಎಳೆದು ಪುಸ್ತಕ ಬರೆದ. ಬಣ್ಣದ ದೊಡ್ಡ ದೊಡ್ಡ ಮೋಡದಂಥ ಚೌಕಗಳನ್ನು ಬರೆದ ರಾತ್ಕೊನ ಬೇರು ಉತ್ತರ ಯುರೋಪಿನ ಈ ಖಾಲಿ ಸಮುದ್ರಗಳಲ್ಲಿದೆ ಅನ್ನೋ ವಾದ. ರೋಸೆನ್‌ಬ್ಲಮ್ ಸೂಕ್ಷ್ಮವಾಗಿಯೇ ಬರೆದಿದ್ದಾನೆ. ಅವನನ್ನು ಅರ್ಧ ಓದಿದವರ ಬಾಯಲ್ಲಿ ಅದು ಹೀಗಾಗಿದೆ: ಫ್ರೀಡ್ರಿಶ್ ಅಂದರೆ ಮೊದಲ ಅಬ್‌ಸ್ಟ್ರ್ಯಾಕ್ಟ್ ಕಲಾವಿದ, ದೇವರುಗೀವರು ಅವನ ಕಾಲದ ಸಾಮಾನು, ಅದನ್ನು ಪಕ್ಕಕ್ಕಿಟ್ಟು ಬಣ್ಣ ನೋಡಿ. ದೇವರ ಬಗ್ಗೆ ಏನೂ ತೀರ್ಮಾನ ಮಾಡಿಕೊಳ್ಳದೆ ವೀಕೆಂಡ್ ಮ್ಯೂಸಿಯಂ ಸುತ್ತುವ ನನ್ನಂಥವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಎರಡನ್ನೂ ಬಿಡಿಸಿದ್ದು ಬರ್ಲಿನ್ನಿನಲ್ಲಿ ನೋಡಿದ ಒಂದು ಚಿತ್ರ. ಆನ್‌ಸೈಟ್ ಹೋಗಿದ್ದೆ, ಒಂದು ಭಾನುವಾರ ಖಾಲಿ ಇತ್ತು. ಮ್ಯೂಸಿಯಂ ದ್ವೀಪದ ಆಲ್ಟೆ ನಾಟ್ಸಿಯೋನಾಲ್‌ಗ್ಯಾಲರಿಯಲ್ಲಿ, ಮೇಲಿನ ಮಹಡಿಯಲ್ಲಿ ಫ್ರೀಡ್ರಿಶನ ಕೋಣೆ. 'ಸಮುದ್ರದ ಬಳಿ ಸನ್ಯಾಸಿ'. 1808ರಲ್ಲಿ ಶುರು ಮಾಡಿ 1810ರಲ್ಲಿ ಮುಗಿಸಿದ್ದು. 110 ಸೆಂಟಿಮೀಟರ್ ಎತ್ತರ, 171 ಸೆಂಟಿಮೀಟರ್ ಅಗಲ. ಅಂದರೆ ಅಡ್ಡ ಮಲಗಿದರೆ ನಾನು ಸರಿಯಾಗಿ ಹಿಡೀತೀನಿ. ಕೆಳಗೆ ಬಿಳಿಚಿಕೊಂಡ ಮರಳ ದಿಬ್ಬದ ಒಂದು ಪಟ್ಟಿ. ಅದರ ಮೇಲೆ ಕಪ್ಪು ಸಮುದ್ರದ ಇನ್ನೂ ತೆಳ್ಳನೆ ಪಟ್ಟಿ. ಉಳಿದ ಮುಕ್ಕಾಲಿಗೂ ಹೆಚ್ಚು ಭಾಗ ಆಕಾಶ. ಮರಳ ಮೇಲೆ ಒಬ್ಬ ಮನುಷ್ಯ, ಕಪ್ಪು ನಿಲುವಂಗಿ, ನನ್ನ ಬೆರಳಿಗಿಂತ ಚಿಕ್ಕವನು. ಮುಗೀತು. ಎಡಕ್ಕೂ ಬಲಕ್ಕೂ ಮರ ಇಲ್ಲ, ಬಂಡೆ ಇಲ್ಲ. ಚಿತ್ರದ ಅಂಚಿನಲ್ಲಿ ಕಣ್ಣನ್ನು ತಡೆದು ಒಳಕ್ಕೆ ತಿರುಗಿಸಲು ಏನೂ ಇಲ್ಲ. 1810ರ ಅಕ್ಟೋಬರಿನಲ್ಲಿ ಇದನ್ನು ಬರ್ಲಿನ್ನಿನಲ್ಲಿ ನೋಡಿದ ನಾಟಕಕಾರ ಕ್ಲೈಸ್ಟ್, ಕಣ್ಣಿನ ರೆಪ್ಪೆ ಕತ್ತರಿಸಿ ಹಾಕಿದ ಹಾಗಾಗುತ್ತೆ ಅನ್ನುವ ಅರ್ಥದಲ್ಲಿ ಬರೆದ. ಅತಿಶಯೋಕ್ತಿ ಅಂತ ಓದುವಾಗ ಅನಿಸಿತ್ತು. ಎದುರು ನಿಂತಾಗ ಅನಿಸಲಿಲ್ಲ. ಮುಚ್ಚಿಕೊಳ್ಳಲು ಏನೂ ಇರಲ್ಲ, ನಿಜ.

ಈ ಚಿತ್ರದಲ್ಲಿ ಮೊದಲು ಹಡಗುಗಳಿದ್ದವು. ಅವಕೆಂಪು ಕಿರಣ ಹಾಯಿಸಿ ನೋಡಿದಾಗ ಬಣ್ಣದ ಕೆಳಗೆ ಅವು ಸಿಕ್ಕಿವೆ, ಹಾಯಿ ಹಡಗುಗಳು. ಬರೆದು, ಆಮೇಲೆ ಮುಚ್ಚಿದ್ದಾನೆ. 1809ರ ಬೇಸಗೆಯಲ್ಲಿ ಅವನ ಸ್ಟುಡಿಯೊಗೆ ಹೋಗಿದ್ದ ಮೇರಿ ಹೆಲೆನ್ ಫಾನ್ ಕ್ಯೂಗೆಲ್ಗೆನ್, ಅವನ ಗೆಳೆಯ ಚಿತ್ರಕಾರನ ಹೆಂಡತಿ, ಪತ್ರವೊಂದರಲ್ಲಿ ಗೊಣಗಿದ್ದಾಳೆ: ಬಿರುಗಾಳಿ ಇಲ್ಲ, ಸೂರ್ಯ ಚಂದ್ರ ಇಲ್ಲ, ಒಂದು ದೋಣಿ ಇಲ್ಲ, ಹೋಗಲಿ ಒಂದು ಸಮುದ್ರ ಭೂತವಾದರೂ ಇರಬಾರದಾ ಅನ್ನೋ ಧಾಟಿಯಲ್ಲಿ. ನನಗೆ ಈಕೆ ತುಂಬ ಇಷ್ಟ. ಕ್ಲೈಸ್ಟನಿಗಿಂತ ಮುಂಚೆ ಈ ಚಿತ್ರದ ಎದುರು ಪ್ರಾಮಾಣಿಕವಾಗಿ ಸಿಟ್ಟಾದವಳು.

ದಿನಾಂಕ ಗಮನಿಸಿ. ಬೆಟ್ಟದ ಶಿಲುಬೆಗೆ ಚೌಕಟ್ಟು, ತೆನೆ, ದ್ರಾಕ್ಷಿ, ದೇವರ ಕಣ್ಣು ಎಲ್ಲ ಸೇರಿಸಿ, ಸಾಲದು ಅಂತ ವಿವರಣೆ ಬೇರೆ ಬರೆದನಲ್ಲ, ಸುಮಾರು ಅದೇ ಕಾಲದಲ್ಲಿ ಅದೇ ಮನುಷ್ಯ ಇನ್ನೊಂದು ಕ್ಯಾನ್ವಾಸಿನಲ್ಲಿ ಹಡಗುಗಳನ್ನು ಅಳಿಸುತ್ತಿದ್ದ. ಹಡಗು ಏನನ್ನು ಹೇಳುತ್ತೆ ಅಂತ ಅವನಿಗೆ ಯಾವ ಪಂಡಿತರೂ ಹೇಳಿಕೊಡಬೇಕಿರಲಿಲ್ಲ. ಬಂದರಿನ ಊರಿನ ಹುಡುಗ. ಹಡಗಿದ್ದರೆ ಪಯಣ ಇದೆ, ಪಯಣ ಇದ್ದರೆ ಆಚೆ ದಡ ಇದೆ, ಸನ್ಯಾಸಿ ಆ ದಡವನ್ನು ನೆನೆಯುತ್ತಾ ನಿಂತಿದ್ದಾನೆ ಅಂತ ಚಿತ್ರ ತಂತಾನೇ ಕಥೆ ಹೇಳಿಬಿಡುತ್ತಿತ್ತು. ಗೊತ್ತಿದ್ದೇ ತೆಗೆದ. ನಮ್ಮ ಕೆಲಸದಲ್ಲಿ ನಾನು ಹೆಚ್ಚು ಮರ್ಯಾದೆ ಕೊಡೋದು ನೂರು ಸಾಲು ಸೇರಿಸಿದ ಕಮಿಟ್‌ಗಳಿಗಲ್ಲ, ತೆಗೆದ ಕಮಿಟ್‌ಗಳಿಗೆ. ತೆಗೆಯೋಕೆ ಇಡೀ ಸಿಸ್ಟಮ್ಮು ಗೊತ್ತಿರಬೇಕು. ಅದಕ್ಕೇ 'ದೇವರನ್ನು ಪಕ್ಕಕ್ಕಿಟ್ಟು ಬಣ್ಣ ನೋಡಿ' ಅನ್ನುವವರೂ ನನಗೆ ಈಗ ಒಪ್ಪಿಗೆಯಾಗಲ್ಲ. ಏನನ್ನೂ ಇಡದೆ ಖಾಲಿ ಇರುವುದು ಬೇರೆ, ಇಟ್ಟಿದ್ದನ್ನು ತೆಗೆದು ಖಾಲಿ ಮಾಡುವುದು ಬೇರೆ. ಮನೆ ಖಾಲಿ ಮಾಡಿದ ಮೇಲೆ ಗೋಡೆ ಮೇಲೆ ಕ್ಯಾಲೆಂಡರಿನ ಗುರುತು ಉಳಿಯುತ್ತಲ್ಲ.

ಸಮುದ್ರದ ದಂಡೆಗೆ ದೇವರನ್ನು ತಂದಿದ್ದೂ ಫ್ರೀಡ್ರಿಶನ ಕಲ್ಪನೆಯಲ್ಲ. ಅವನ ಊರಿಗೆ ಹತ್ತಿರದ ರ್ಯೂಗನ್ ದ್ವೀಪದಲ್ಲಿ ಕೋಸೆಗಾರ್ಟನ್ ಅನ್ನೋ ಪಾದ್ರಿ ಇದ್ದ, ಕವಿ ಕೂಡ. ಹೆರಿಂಗ್ ಮೀನಿನ ಸುಗ್ಗಿಯಲ್ಲಿ ವಿಟ್ ಹಳ್ಳಿಯ ಬೆಸ್ತರು ಬಲೆ ಬಿಟ್ಟು ಚರ್ಚಿಗೆ ಬರಲಾಗುತ್ತಿರಲಿಲ್ಲ. ಹಾಗಾಗಿ ಇವನೇ ದಂಡೆಗೆ ಹೋಗಿ ಬಯಲಲ್ಲಿ ಪ್ರವಚನ ಮಾಡ್ತಿದ್ದ. ಗೋಡೆ ಇಲ್ಲ, ಚಿತ್ರ ಇಲ್ಲ, ಹಿಂದೆ ಅಲೆಯ ಸದ್ದು. ಫ್ರೀಡ್ರಿಶನ ಮೊದಲ ಡ್ರಾಯಿಂಗ್ ಮೇಷ್ಟ್ರಿಗೆ ಈ ಪಾದ್ರಿಯ ಒಡನಾಟ ಇತ್ತು. ಡ್ರೆಸ್ಡನ್ನಿನ ಸೊಗಸುಗಾರ ರಾಮ್‌ಡೋರನಿಗೆ ಭೂದೃಶ್ಯ ಚರ್ಚಿಗೆ ನುಗ್ಗಿದ ಹಾಗೆ ಕಂಡಿತು. ಬಾಲ್ಟಿಕ್ ದಂಡೆಯವನಿಗೆ ಚರ್ಚೇ ಎದ್ದು ದಂಡೆಗೆ ಬಂದಿದ್ದು ಗೊತ್ತಿತ್ತು.

ನಾನು ಅಲ್ಲಿ ಅಷ್ಟು ಹೊತ್ತು ನಿಂತಿದ್ದಕ್ಕೆ ಕಲೆ ಮಾತ್ರ ಕಾರಣ ಅಂದರೆ ಸುಳ್ಳಾಗುತ್ತೆ. ಅದಕ್ಕೆ ಒಂದೂವರೆ ವರ್ಷ ಮುಂಚೆ ಅಪ್ಪ ತೀರಿಕೊಂಡಿದ್ದರು. ಊರಿನ ಮನೆ ಜಗಲಿ ಮೇಲೆ ಕೂತಿದ್ದೆ. ಬಂದವರೆಲ್ಲ ಒಂದೊಂದು ಅರ್ಥ ಕೊಟ್ಟು ಹೋದರು. ಋಣ ತೀರಿತು ಅಂದರು. ಪುಣ್ಯವಂತ, ನರಳದೆ ಹೋದ ಅಂದರು. ಹುಟ್ಟಿದ ನಕ್ಷತ್ರ, ಸತ್ತ ತಿಥಿ ಕೂಡಿಸಿ ಕಳೆದು ಒಬ್ಬರು ಲೆಕ್ಕ ಒಪ್ಪಿಸಿದರು. ಯಾರ ಮೇಲೂ ನನಗೆ ಸಿಟ್ಟಿಲ್ಲ, ಬಾಯಿಗೆ ಏನಾದರೂ ಬೇಕಲ್ಲ. ಅವರಿಗಿಂತ ನಾನೇ ಕಡೆ. ರಾತ್ರಿ ಲ್ಯಾಪ್‌ಟಾಪ್ ತೆಗೆದು ಅಪ್ಪನ ಎರಡು ವರ್ಷದ ಬಿಪಿ, ಶುಗರ್, ಮಾತ್ರೆ ಬದಲಿಸಿದ ದಿನ ಎಲ್ಲ ಎಕ್ಸೆಲ್ಲಿಗೆ ಹಾಕಿದ್ದೆ. ಪ್ರೊಡಕ್ಷನ್ ಸರ್ವರ್ ಬಿದ್ದಾಗ ಆರ್‌ಸಿಎ ಬರೀತೀವಲ್ಲ, ಎಲ್ಲಿ ತಪ್ಪಿತು ಅಂತ, ಹಾಗೆ. ಆ ಫೈಲ್ ಇನ್ನೂ ಇದೆ. ಆ ದಿನಗಳಲ್ಲಿ ಪಕ್ಕದ ಹೊಲದವರೂ ಬಂದಿದ್ದರು. ಬದುವಿನ ವಿಷಯಕ್ಕೆ ಅಪ್ಪನ ಜೊತೆ ಮಾತು ಬಿಟ್ಟು ಎಂಟು ವರ್ಷ ಆಗಿತ್ತು. ಜಗಲಿಯ ತುದೀಲಿ ಕೂತರು, ಹೊಲದ ಕಡೆ ನೋಡ್ತಾ. ಕಾಫಿ ಮುಟ್ಟಲಿಲ್ಲ. ಸುಮಾರು ಒಂದು ತಾಸು ಆದಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಅಷ್ಟೂ ಹೊತ್ತು ನಮಗೆ ಕಂಡಿದ್ದು ಅವರ ಬೆನ್ನು.

ಫ್ರೀಡ್ರಿಶನ ಜನರೆಲ್ಲ ಬೆನ್ನು ತೋರಿಸಿಕೊಂಡೇ ಇರ್ತಾರೆ. ಕಲಾ ಪುಸ್ತಕಗಳು ಹೇಳುವ ಕಾರಣ ಏನಂದರೆ, ಮುಖ ಕಾಣದಿದ್ದರೆ ನಾವು ಅವರ ಜಾಗದಲ್ಲಿ ನಿಂತುಕೊಳ್ಳಬಹುದು. ಸರಿಯೇ ಇರಬಹುದು. ಆದರೆ ಸನ್ಯಾಸಿಯ ಚಿತ್ರದಲ್ಲಿ ನಾನು ಅವನ ಜಾಗದಲ್ಲಿ ನಿಲ್ಲಲಿಲ್ಲ, ಆಗಲೂ ಇಲ್ಲ. ಅವನ ಹಿಂದೆ, ಸ್ವಲ್ಪ ದೂರದಲ್ಲಿ, ಮಾತಾಡಿಸಬೇಕೋ ಬೇಡವೋ ಗೊತ್ತಾಗದೆ ನಿಂತ ಹಾಗಿತ್ತು.

ಒಂದು ಮಾತು ಮುಚ್ಚಿಡಬಾರದು. ಫ್ರೀಡ್ರಿಶ್ ಈ ಚಿತ್ರಕ್ಕೂ ವಿವರಣೆ ಬರೆದಿದ್ದಾನೆ, ಒಂದು ಪತ್ರದಲ್ಲಿ. ಓದುವ ಮುಂಚೆ ಭಯವಾಗಿತ್ತು, ಇಲ್ಲೂ ಬಂಡೆ ಅಂದರೆ ನಂಬಿಕೆ ಅಂತ ಶುರು ಮಾಡ್ತಾನೋ ಅಂತ. ಇಲ್ಲ. ಬೆಳಗಿಂದ ನಡುರಾತ್ರಿವರೆಗೆ ಯೋಚಿಸಿದರೂ ಆಚೆಯದು ನಿನಗೆ ತಿಳಿಯೋದಲ್ಲ, ಮರಳಲ್ಲಿ ಆಳವಾಗಿ ಊರಿದ ನಿನ್ನ ಹೆಜ್ಜೆ ಮೇಲೆ ಒಂದು ಸಣ್ಣ ಗಾಳಿ ಬೀಸಿದರೆ ಗುರುತೂ ಉಳಿಯಲ್ಲ ಅಂತ ಆ ಸನ್ಯಾಸಿಯನ್ನೇ ಗದರಿದ ಹಾಗೆ ಬರೆದಿದ್ದಾನೆ. ಬೆಟ್ಟದ ಶಿಲುಬೆಯ ಟಿಪ್ಪಣಿ ಬರೆದ ಅದೇ ಕೈ. ಇಲ್ಲಿ ಅದು ಯಾವುದನ್ನೂ ಯಾವುದಕ್ಕೂ ಜೋಡಿಸ್ತಿಲ್ಲ.

ಆಮೇಲೆ ಅವನು ಸಂಕೇತ ಬಿಟ್ಟನಾ? ಇಲ್ಲ ಸ್ವಾಮಿ. ಸನ್ಯಾಸಿಯ ಜೊತೆಗೇ ತೋರಿಸಿದ, ಈಗಲೂ ಅದರ ಪಕ್ಕದಲ್ಲೇ ತೂಗುವ 'ಓಕ್ ಕಾಡಿನ ಮಠ'ದಲ್ಲಿ ಪಾಳು ಚರ್ಚು, ಬೋಳು ಓಕ್‌ಗಳು, ಶವಪೆಟ್ಟಿಗೆ ಹೊತ್ತ ಸನ್ಯಾಸಿಗಳು, ಗೋರಿಗಳು, ಶಿಲುಬೆ, ಏನುಂಟು ಏನಿಲ್ಲ. ಪಾಳು ಗೋಡೆ ಅವನ ಊರಿನ ಹತ್ತಿರದ ಎಲ್ಡೆನಾ ಮಠದ್ದು. ಚೆಂದದ ಚಿತ್ರ, ಆದರೆ ಹಿನ್ನೆಲೆ ಸಂಗೀತ ಸ್ವಲ್ಪ ಜಾಸ್ತಿ. ಪ್ರಷ್ಯದ ದೊರೆ ಎರಡನ್ನೂ ಕೊಂಡ, ಹದಿನೈದು ವರ್ಷದ ಯುವರಾಜನ ಒತ್ತಾಯಕ್ಕೆ. ಸನ್ಯಾಸಿಯ ಎತ್ತರಕ್ಕೆ ಅವನು ಮತ್ತೆ ಏರಿದ್ದು 1823-24ರ 'ಹಿಮದ ಸಮುದ್ರ'ದಲ್ಲಿ ಅಂತ ನನ್ನ ಲೆಕ್ಕ. ಒಡೆದು ಒಂದರ ಮೇಲೊಂದು ಎದ್ದ ಮಂಜುಗಡ್ಡೆಯ ಹಲಗೆಗಳು, ಪಕ್ಕದಲ್ಲಿ ಮುಳುಗಿದ ಹಡಗಿನ ಒಂದು ತುಂಡು. ಎಲ್ಬೆ ನದಿಯ ಮೇಲಿನ ಗಡ್ಡೆಗಳನ್ನು ಚಳಿಗಾಲದಲ್ಲಿ ಕೂತು ಅಭ್ಯಾಸ ಮಾಡಿ ಬರೆದದ್ದು. ಅದನ್ನು ನೋಡಿದ ಕೂಡಲೇ ಎಲ್ಲರೂ ಮಂಜಿನಲ್ಲಿ ಸತ್ತ ತಮ್ಮನನ್ನು ಎಳೆದು ತರ್ತಾರೆ. ಅದೂ ಲುಕ್‌ಅಪ್ ಟೇಬಲ್ಲೇ, ಬೈಬಲ್ ಬದಲು ಬಯೋಡೇಟಾ. ಆ ಚಿತ್ರ ಅವನು ಬದುಕಿರುವಾಗ ಮಾರಾಟವಾಗಲೇ ಇಲ್ಲ.

ಗಯಟೆಯ ಪ್ರಸಂಗ ಹೇಳದಿದ್ದರೆ ಅನ್ಯಾಯ. ಇಂಗ್ಲೆಂಡಿನ ಲ್ಯೂಕ್ ಹೊವರ್ಡ್ ಮೋಡಗಳಿಗೆ ಹೆಸರಿಟ್ಟು ವರ್ಗೀಕರಣ ಮಾಡಿದ್ದ. ಇವತ್ತಿಗೂ ಕ್ಯುಮುಲಸ್, ಸಿರಸ್ ಅಂತೀವಲ್ಲ, ಅವೇ. ಅದಕ್ಕೆ ಮಾರುಹೋದ ಗಯಟೆ 1816ರಲ್ಲಿ, ಈ ವರ್ಗೀಕರಣದ ಪ್ರಕಾರ ಮೋಡಗಳ ಚಿತ್ರ ಬರೆದುಕೊಡು ಅಂತ ಫ್ರೀಡ್ರಿಶನನ್ನು ಕೇಳಿಸಿದ. ಜರ್ಮನಿಯಲ್ಲಿ ಗಯಟೆಗೆ ಇಲ್ಲ ಅನ್ನೋದು ಸಣ್ಣ ಮಾತಲ್ಲ. ಫ್ರೀಡ್ರಿಶ್ ಅಂದ. ಮೋಡಗಳನ್ನು ಡಬ್ಬಿಗೆ ಹಾಕಿದರೆ ಭೂದೃಶ್ಯ ಕಲೆಯೇ ಮುಗೀತು ಅನ್ನೋದು ಅವನ ಆತಂಕ. ಮರಕ್ಕೆ, ಬಂಡೆಗೆ ತಾನೇ ಲೇಬಲ್ ಹಚ್ಚಿ ಕೊಟ್ಟವನು ಮೋಡದ ವಿಷಯಕ್ಕೆ ಯಾಕೆ ಹೀಗೆ ಹಟ ಹಿಡಿದ? ಮೋಡದ ಮೇಲೆ ಅವನಿಗೆ ಬೇರೆ ಥರದ ನಂಬಿಕೆ ಇತ್ತು ಅಂತ ನನ್ನ ಗುಮಾನಿ.

ಬರ್ಲಿನ್ನಿನವರು 2013ರಿಂದ ಮೂರು ವರ್ಷ ಸನ್ಯಾಸಿಯ ಚಿತ್ರವನ್ನು ಶುಚಿ ಮಾಡಿದರು. ಹಳದಿಗಟ್ಟಿದ ವಾರ್ನಿಶ್ ತೆಗೆದ ಮೇಲೆ ಆಕಾಶದ ನೀಲಿ ವಾಪಸ್ ಬಂತು, 2016ರಲ್ಲಿ ಮತ್ತೆ ಗೋಡೆಗೆ ಹಾಕಿದರು. ನಾನು ನೋಡಿದ್ದು ಆ ನೀಲಿಯನ್ನು. ಹಡಗುಗಳ ವಿಷಯ ಓದಿಕೊಂಡು ಹೋಗಿದ್ದೆನಾದ್ದರಿಂದ ಸನ್ಯಾಸಿಯ ಎರಡೂ ಪಕ್ಕ ಹುಡುಕಿದೆ. ಬಣ್ಣ ಎಲ್ಲಾದರೂ ಸ್ವಲ್ಪ ದಪ್ಪಗಿದೆಯಾ, ಪಟದ ಕಂಬದ ನೆರಳು ಎಲ್ಲಾದರೂ ಕಾಣುತ್ತಾ ಅಂತ ಪಕ್ಕಕ್ಕೆ ಬಾಗಿ, ಬೆಳಕಿಗೆ ಓರೆಯಾಗಿ ನಿಂತು ನೋಡಿದೆ. ಗಾರ್ಡ್ ಎರಡು ಸಲ ಕೆಮ್ಮಿದ. ಮೂರನೇ ಸಲ ಹತ್ತಿರ ಬಂದು, ಜರ್ಮನ್ನಿನಲ್ಲಿ ಏನೋ ಹೇಳಿ, ಕೈಯಿಂದ ಹಿಂದಕ್ಕೆ ಸರಿಯುವಂತೆ ತೋರಿಸಿದ. ಸರಿದೆ. ಅಲ್ಲಿಂದ ನೋಡಿದರೆ ಸಮುದ್ರ ಒಂದು ಕಪ್ಪು ಗೆರೆ ಅಷ್ಟೇ.